ಇಪ್ಪತ್ತೇಳು ಡಿಗ್ರಿ ಯಾರ ಊರಿನ ಹವೆ?

ಸರ್ಕಿಟ್ ಸಿಮ್ಯುಲೇಟರ್ ಬಳಸುವ ಎಲ್ಲರ ಕೆಲಸದಲ್ಲೂ ಒಂದು ಸಂಖ್ಯೆ ಸದ್ದಿಲ್ಲದೆ ಕೂತಿರುತ್ತದೆ. ಅದನ್ನು ಅವರು ಟೈಪ್ ಮಾಡಿರುವುದಿಲ್ಲ, ಎಷ್ಟೋ ಮಂದಿ ನೋಡಿಯೂ ಇರುವುದಿಲ್ಲ. ಆ ಸಂಖ್ಯೆ 27. ನೀವು ಬೇರೆ ಹೇಳದಿದ್ದರೆ ನಿಮ್ಮ ಸರ್ಕಿಟ್ 27 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇದೆ ಎಂದು ಸಿಮ್ಯುಲೇಟರ್ ತಾನೇ ತೀರ್ಮಾನಿಸಿಕೊಳ್ಳುತ್ತದೆ. ಬರ್ಕ್‌ಲಿಯಲ್ಲಿ ಲಾರೆನ್ಸ್ ನೇಗಲ್ ಮತ್ತು ಅವರ ಗುರು ಡೊನಾಲ್ಡ್ ಪೆಡರ್‌ಸನ್ 1973ರಲ್ಲಿ ಸ್ಪೈಸ್ ಅನ್ನು ಹೊರತಂದರು. ಆ ವಂಶದ ಸಿಮ್ಯುಲೇಟರ್‌ಗಳಲ್ಲಿ ಈ ಸಂಖ್ಯೆ ತಲೆಮಾರಿನಿಂದ ತಲೆಮಾರಿಗೆ ಆಸ್ತಿಯಂತೆ ಇಳಿದುಬಂದಿದೆ. 27 ಡಿಗ್ರಿ ಎಂದರೆ ಹೆಚ್ಚುಕಡಿಮೆ 300 ಕೆಲ್ವಿನ್, ಲೆಕ್ಕ ಮಾಡುವವರಿಗೆ ಅನುಕೂಲದ ದುಂಡು ಸಂಖ್ಯೆ. ಅದರ ಹಿಂದೆ ಯಾರ ಕೆಟ್ಟ ಉದ್ದೇಶವೂ ಇಲ್ಲ.

ಆದರೆ ನಾನು ಇರುವುದು ಸೂರತ್‌ನ ಉಧ್ನಾದಲ್ಲಿ. ಇಲ್ಲಿ 27 ಡಿಗ್ರಿ ಎಂದರೆ ಡಿಸೆಂಬರ್‌ನ ಒಂದು ಹಿತವಾದ ಹೊತ್ತು. ಉಳಿದಂತೆ ಆ ಸಂಖ್ಯೆಗೂ ಇಲ್ಲಿ ಓಡುವ ಯಂತ್ರಗಳಿಗೂ ಸಂಬಂಧವಿಲ್ಲ. ಸರ್ಕಿಟ್ ಮಾಡೆಲ್‌ಗಳಲ್ಲಿ ತಾಪಮಾನವನ್ನು ಸಿಮ್ಯುಲೇಟರ್‌ನ ಒಂದು ಸೆಟ್ಟಿಂಗ್ ಎಂದು ನೋಡುವ ಅಭ್ಯಾಸವನ್ನು ನಾವು ಬಿಡಬೇಕು ಎನ್ನುವುದು ನನ್ನ ವಾದ. ವೋಲ್ಟೇಜು, ಕರೆಂಟುಗಳ ಹಾಗೆಯೇ ತಾಪಮಾನವೂ ಸರ್ಕಿಟ್‌ನೊಳಗೆ ಹುಟ್ಟುತ್ತದೆ, ಹರಿಯುತ್ತದೆ, ಒಂದೊಂದು ಜಾಗದಲ್ಲಿ ಒಂದೊಂದಾಗಿರುತ್ತದೆ. ಹಾರ್ಡ್‌ವೇರ್ ವಿವರಣಾ ಭಾಷೆಗಳಾದ ವೆರಿಲಾಗ್-ಎ, ವಿಎಚ್‌ಡಿಎಲ್-ಎಎಂಎಸ್‌ಗಳಲ್ಲಿ ಇದನ್ನು ಹೇಳಲು ಬೇಕಾದ ಸಲಕರಣೆ ಇಪ್ಪತ್ತೈದು ವರ್ಷಕ್ಕೂ ಹಿಂದೆಯೇ ಬಂದಾಗಿದೆ. ಬಳಸದಿರುವವರು ನಾವು.

ಉಧ್ನಾ ಗೊತ್ತಿಲ್ಲದವರಿಗೆ ಒಂದೆರಡು ಮಾತು. ಸೂರತ್ ನಿಲ್ದಾಣದ ದಕ್ಷಿಣಕ್ಕೆ, ಜಳಗಾಂವ್ ಕಡೆಯ ರೈಲು ಹಾದಿ ಕವಲೊಡೆಯುವ ಜಂಕ್ಷನ್ ಇದು. ಉದ್ಯೋಗನಗರದ ಹಳೆಯ ಶೆಡ್‌ಗಳು, ಪಕ್ಕದಲ್ಲೇ ಪಾಂಡೇಸರಾದ ಬಣ್ಣದ ಗಿರಣಿಗಳು, ಗಲ್ಲಿಗಲ್ಲಿಯಲ್ಲಿ ಪವರ್‌ಲೂಮ್, ಕಂಪ್ಯೂಟರ್ ಕಸೂತಿ ಯಂತ್ರಗಳು. ನಮ್ಮ ರಬಕವಿ-ಬನಹಟ್ಟಿಯನ್ನೋ ದೊಡ್ಡಬಳ್ಳಾಪುರವನ್ನೋ ಕಂಡವರಿಗೆ ಸದ್ದು ಪರಿಚಿತವೇ, ಇಲ್ಲಿ ಅದರ ಪ್ರಮಾಣ ಮಾತ್ರ ದೊಡ್ಡದು. ತಗಡಿನ ಇಲ್ಲವೇ ಸಿಮೆಂಟ್ ಶೀಟಿನ ಮಾಡು. ನೂಲು ಒಣಗಿ ತುಂಡಾಗಬಾರದೆಂದು ಕಿಟಕಿ ಮುಚ್ಚಿರುತ್ತಾರೆ. ಏಪ್ರಿಲ್, ಮೇ ತಿಂಗಳಲ್ಲಿ ಹೊರಗಿನ ತಾಪಮಾನ 40 ದಾಟುವ ದಿನಗಳು ಬರುತ್ತವೆ, ಜತೆಗೆ ಖಂಭಾತ್ ಕೊಲ್ಲಿಯ ಕಡೆಯಿಂದ ಬರುವ ತೇವ. ಹವಾಮಾನ ಇಲಾಖೆಯವರು ಹೇಳುವ 40 ಎನ್ನುವುದು ನೆರಳಿನಲ್ಲಿ, ಗಾಳಿಯಾಡುವ ಬಿಳಿ ಪೆಟ್ಟಿಗೆಯಲ್ಲಿಟ್ಟ ಥರ್ಮಾಮೀಟರ್‌ನ ಅಂಕಿ. ಶೆಡ್‌ನೊಳಗೆ ಮೋಟಾರುಗಳ ಬಿಸಿ ಸೇರುತ್ತದೆ. ಯಂತ್ರದ ಪಕ್ಕಕ್ಕೆ ಬೋಲ್ಟ್ ಮಾಡಿದ ಕಬ್ಬಿಣದ ಪ್ಯಾನೆಲ್‌ನೊಳಗೆ, ಹತ್ತಿಯ ಧೂಳು ತುಂಬಿ ಫ್ಯಾನ್ ನಿಂತುಹೋದ ಮೇಲೆ, ಇನ್ನಷ್ಟು. ಅಲ್ಲಿ 60 ಡಿಗ್ರಿ ಇದೆ ಎಂದರೆ ಯಾರೂ ಹುಬ್ಬೇರಿಸುವುದಿಲ್ಲ.

ಆ ಪ್ಯಾನೆಲ್‌ನಲ್ಲಿರುವ ಡ್ರೈವ್ ಬೋರ್ಡ್ ಸತ್ತರೆ ನಷ್ಟ ಯಾರಿಗೆ? ಬೋರ್ಡ್‌ನ ಬೆಲೆ ಮಾಲೀಕರಿಗೆ, ನಿಜ. ಆದರೆ ಇಲ್ಲಿನ ನೇಕಾರರಲ್ಲಿ ಬಹಳ ಜನ ಒಡಿಶಾದ ಗಂಜಾಂ ಕಡೆಯಿಂದ ಬಂದವರು, ನೇಯ್ದ ಮೀಟರಿನ ಲೆಕ್ಕದಲ್ಲಿ ಕೂಲಿ ಪಡೆಯುವವರು. ಮಗ್ಗ ನಿಂತರೆ ಅವರ ಕೂಲಿ ನಿಲ್ಲುತ್ತದೆ. ರಿಪೇರಿಯವನು ಬಂದು, ಹೋದ ಮಾಸ್ಫೆಟ್ ಬದಲಿಸಿ, "ಗರ್ಮಿ ಸೇ ಗಯಾ" ಎಂದು ಹೇಳಿ ಹೋಗುತ್ತಾನೆ. ಮುಂದಿನ ಮೇ ತಿಂಗಳಲ್ಲಿ ಅದೇ ಜಾಗದ ಅದೇ ಮಾಸ್ಫೆಟ್ ಮತ್ತೆ ಹೋಗುತ್ತದೆ. ರಿಪೇರಿಯವನ ರೋಗನಿರ್ಣಯ ಸರಿಯಾಗಿಯೇ ಇದೆ. ಅದನ್ನು ಬೋರ್ಡ್ ಮಾರುವ ಮೊದಲೇ ಹೇಳಬೇಕಾಗಿದ್ದದ್ದು ಸಿಮ್ಯುಲೇಶನ್. ಅದು ಏಕೆ ಹೇಳಲಿಲ್ಲ ಎಂಬುದೇ ಈ ಬರಹದ ವಿಷಯ.

ಒಂದು ಡಯೋಡ್‌ನಿಂದ ಶುರು ಮಾಡೋಣ, ಏಕೆಂದರೆ ತಾಪಮಾನವನ್ನು ಅರೆಬರೆ ಸೇರಿಸಿದರೆ ಪೂರ್ತಿ ಬಿಟ್ಟದ್ದಕ್ಕಿಂತ ಹೆಚ್ಚು ಹಾನಿ ಎಂಬುದು ಇಲ್ಲಿ ಚೆನ್ನಾಗಿ ಕಾಣುತ್ತದೆ. ಡಯೋಡ್‌ನ ಪಾಠಪುಸ್ತಕದ ಸಮೀಕರಣದಲ್ಲಿ ಥರ್ಮಲ್ ವೋಲ್ಟೇಜ್ ಎಂಬುದೊಂದಿದೆ. 27 ಡಿಗ್ರಿಯಲ್ಲಿ ಅದು ಸುಮಾರು 25.9 ಮಿಲಿವೋಲ್ಟ್, 85 ಡಿಗ್ರಿಯಲ್ಲಿ 30.9. ವೆರಿಲಾಗ್-ಎ ಭಾಷೆಯಲ್ಲಿ ಇದನ್ನು ಕೇಳಲು ಡಾಲರ್-ವಿಟಿ ಎಂಬ ಸಿದ್ಧ ಫಂಕ್ಷನ್ ಇದೆ, ತಾಪಮಾನವನ್ನೇ ಕೇಳಲು ಡಾಲರ್-ಟೆಂಪರೇಚರ್ ಇದೆ. ಹೊಸದಾಗಿ ಮಾಡೆಲ್ ಬರೆಯುವವರು ಡಾಲರ್-ವಿಟಿ ಹಾಕಿ, ನನ್ನ ಮಾಡೆಲ್‌ಗೆ ತಾಪಮಾನ ಗೊತ್ತು ಎಂದು ಸಮಾಧಾನಪಟ್ಟುಕೊಳ್ಳುತ್ತಾರೆ.

ಲೆಕ್ಕ ಹಾಕಿ ನೋಡಿ. ಸ್ಯಾಚುರೇಶನ್ ಕರೆಂಟ್ 10ರ ಮೈನಸ್ 14ನೇ ಘಾತ ಆಂಪಿಯರ್, ಹರಿಯುವ ಕರೆಂಟ್ 1 ಮಿಲಿಆಂಪಿಯರ್. 27 ಡಿಗ್ರಿಯಲ್ಲಿ ಡಯೋಡ್‌ನ ವೋಲ್ಟೇಜ್ 655 ಮಿಲಿವೋಲ್ಟ್ ಬರುತ್ತದೆ. ಸ್ಯಾಚುರೇಶನ್ ಕರೆಂಟನ್ನು ಹಾಗೇ ಬಿಟ್ಟು ಥರ್ಮಲ್ ವೋಲ್ಟೇಜನ್ನಷ್ಟೇ 85 ಡಿಗ್ರಿಗೆ ಏರಿಸಿದರೆ ಉತ್ತರ 782 ಮಿಲಿವೋಲ್ಟ್. ಅಂದರೆ ಬಿಸಿಯಾದಂತೆ ವೋಲ್ಟೇಜ್ ಏರಿತು. ಆದರೆ ಮೇಜಿನ ಮೇಲಿನ ನಿಜವಾದ ಸಿಲಿಕಾನ್ ಡಯೋಡ್‌ನಲ್ಲಿ ಪ್ರತಿ ಡಿಗ್ರಿಗೆ ಸುಮಾರು 2 ಮಿಲಿವೋಲ್ಟ್ ಇಳಿಯುತ್ತದೆ ಎಂದು ಡಿಪ್ಲೊಮಾ ಹುಡುಗರಿಗೂ ಗೊತ್ತು. ಏಕೆಂದರೆ ಸ್ಯಾಚುರೇಶನ್ ಕರೆಂಟ್ ತಾಪಮಾನದ ಜತೆ ವಿಪರೀತ ಏರುತ್ತದೆ. ಸ್ಪೈಸ್‌ನ ಡಯೋಡ್ ಮಾಡೆಲ್‌ನಲ್ಲಿರುವ ಸಾಮಾನ್ಯ ಬೆಲೆಗಳನ್ನೇ, ಎಂದರೆ ಬ್ಯಾಂಡ್‌ಗ್ಯಾಪ್ 1.11, ಘಾತ 3, ಹಾಕಿದರೆ ಈ 58 ಡಿಗ್ರಿಯ ಏರಿಕೆಗೆ ಅದು ಸುಮಾರು 1770 ಪಟ್ಟು ಹೆಚ್ಚಾಗುತ್ತದೆ. ಅದನ್ನೂ ಸೇರಿಸಿದರೆ ವೋಲ್ಟೇಜ್ 551 ಮಿಲಿವೋಲ್ಟ್‌ಗೆ ಇಳಿಯುತ್ತದೆ. ಅರ್ಧ ತಾಪಮಾನ ತಿಳಿದ ಮಾಡೆಲ್‌ಗೂ ಪೂರ್ತಿ ತಿಳಿದದ್ದಕ್ಕೂ 231 ಮಿಲಿವೋಲ್ಟ್ ಅಂತರ, ಅದೂ ವಿರುದ್ಧ ದಿಕ್ಕಿನಲ್ಲಿ. ತಾಪಮಾನವನ್ನು ಮುಟ್ಟದೇ ಬಿಟ್ಟಿದ್ದರೆ ತಪ್ಪು 104 ಮಿಲಿವೋಲ್ಟ್ ಅಷ್ಟೇ ಇರುತ್ತಿತ್ತು.

ಬ್ಯಾಂಡ್‌ಗ್ಯಾಪ್ ರೆಫರೆನ್ಸ್ ಎಂಬ ಸರ್ಕಿಟ್‌ನ ಬದುಕೇ ಈ ಇಳಿಕೆಯ ಮೇಲೆ ನಿಂತಿದೆ. ಇಳಿಯುವ ಒಂದು ವೋಲ್ಟೇಜಿಗೆ ಏರುವ ಇನ್ನೊಂದನ್ನು ಕೂಡಿಸಿ, ಎರಡೂ ಒಂದನ್ನೊಂದು ತಿಂದು 1.2 ವೋಲ್ಟ್ ಆಸುಪಾಸಿನಲ್ಲಿ ಸ್ಥಿರವಾಗಿ ನಿಲ್ಲುವಂತೆ ಮಾಡುವುದು ಅದರ ಉಪಾಯ. ಮಾಡೆಲ್‌ನಲ್ಲಿ ಇಳಿಯಬೇಕಾದದ್ದು ಏರಿದರೆ ಆ ಸಿಮ್ಯುಲೇಶನ್ ಓಡಿಸುವುದಕ್ಕಿಂತ ಒಂದು ಕಪ್ ಚಹಾ ಕುಡಿಯುವುದು ಮೇಲು.

ಮಾಡೆಲ್ ಬರಹದಲ್ಲಿ ಇನ್ನೂ ಕೆಲವು ಗುಂಡಿಗಳಿವೆ, ಅವು ಚಿಕ್ಕವಾದರೂ ಕಾಲು ಮುರಿಯುವಂಥವು. ಡಾಲರ್-ಟೆಂಪರೇಚರ್ ಕೊಡುವುದು ಕೆಲ್ವಿನ್‌ನಲ್ಲಿ. ಬಳಸುವವರು ನೆಟ್‌ಲಿಸ್ಟ್‌ನಲ್ಲಿ ಬರೆಯುವುದು ಸೆಲ್ಸಿಯಸ್‌ನಲ್ಲಿ. ಮಾಡೆಲ್‌ನ ಅಳತೆ ನಡೆದ ಮೂಲ ತಾಪಮಾನ, ರೂಢಿಯ ಹೆಸರಿನಲ್ಲಿ ಟಿನಾಮ್, ಅದೂ ಸೆಲ್ಸಿಯಸ್‌ನಲ್ಲೇ ಬರುತ್ತದೆ. 273.15 ಕೂಡಿಸುವುದನ್ನು ಒಂದು ಕಡೆ ಮರೆತರೆ ಉತ್ತರ ಹುಚ್ಚುಹುಚ್ಚಾಗಿ ಬರುತ್ತದೆ, ಆದ್ದರಿಂದ ಬೇಗ ಸಿಕ್ಕಿಬೀಳುತ್ತದೆ. ಸಿಕ್ಕಿಬೀಳದ ತಪ್ಪುಗಳೇ ಅಪಾಯ. ಟಿನಾಮ್ ಅನ್ನು 27 ಎಂದು ಬಿಟ್ಟುಬಿಟ್ಟು, ಅಳತೆಯನ್ನು 25ರಲ್ಲಿ ಮಾಡಿದ್ದರೆ? ಎರಡು ಡಿಗ್ರಿಯ ವ್ಯತ್ಯಾಸ, ಡಯೋಡ್‌ನಲ್ಲಿ ನಾಲ್ಕು ಮಿಲಿವೋಲ್ಟ್. ಯಾರ ಕಣ್ಣಿಗೂ ಬೀಳುವುದಿಲ್ಲ, ನಿಖರ ಸರ್ಕಿಟ್‌ನಲ್ಲಿ ಮಾತ್ರ ಕಾಡುತ್ತದೆ. ತಮಾಷೆಯೆಂದರೆ ಅನಲಾಗ್ ಜಗತ್ತು 27ಕ್ಕೆ ಅಂಟಿಕೊಂಡಿದ್ದರೆ, ಡೇಟಾಶೀಟುಗಳೂ ಡಿಜಿಟಲ್ ಸೆಲ್ ಲೈಬ್ರರಿಗಳೂ 25ಕ್ಕೆ ಅಂಟಿಕೊಂಡಿವೆ. ಎಲ್ಲರಿಗೂ ಮುಕ್ತವಾಗಿ ಸಿಗುವ ಸ್ಕೈವಾಟರ್ 130 ನ್ಯಾನೊಮೀಟರ್ ಲೈಬ್ರರಿಯ ಕಡತಗಳ ಹೆಸರಿನಲ್ಲೇ ತಾಪಮಾನ ಬರೆದಿರುತ್ತಾರೆ: ಸಾಮಾನ್ಯದ್ದು 25, ನಿಧಾನದ್ದು 100, ವೇಗದ್ದು ಮೈನಸ್ 40. ಕಡಿಮೆಪಕ್ಷ ಹೆಸರಿನಲ್ಲಾದರೂ ಬರೆದಿದ್ದಾರಲ್ಲ ಎಂದು ನನಗೆ ಮೆಚ್ಚುಗೆ. ಅನಲಾಗ್ ಮಾಡೆಲ್ ಕಡತಗಳಲ್ಲಿ ಆ ಮರ್ಯಾದೆಯೂ ಅಪರೂಪ.

ಇನ್ನೊಂದು ಗುಂಡಿ ಇನ್ನೂ ನವಿರಾದದ್ದು. ತಾಪಮಾನದ ಲೆಕ್ಕಗಳು ಒಮ್ಮೆ ಮಾಡಿದರೆ ಸಾಕು, ಪ್ರತಿ ಹೆಜ್ಜೆಗೂ ಬೇಡ ಎಂದು ಕೆಲವರು ಅದನ್ನು ಇನಿಷಿಯಲ್-ಸ್ಟೆಪ್ ಎಂಬ ಘಟನೆಯೊಳಗೆ ಹಾಕುತ್ತಾರೆ. ಕಂಪ್ಯೂಟರ್‌ಗೆ ಕೆಲಸ ಉಳಿಸುವ ಸದುದ್ದೇಶ. ಆದರೆ ಡಿಸಿ ಸ್ವೀಪ್‌ನಲ್ಲಿ ಆ ಘಟನೆ ನಡೆಯುವುದು ಮೊದಲ ಬಿಂದುವಿನಲ್ಲಿ ಮಾತ್ರ. ನೀವು ತಾಪಮಾನವನ್ನೇ ಮೈನಸ್ 40ರಿಂದ 125ರವರೆಗೆ ಸ್ವೀಪ್ ಮಾಡಿದರೆ ಮಾಡೆಲ್ ಮೈನಸ್ 40ರಲ್ಲೇ ಹೆಪ್ಪುಗಟ್ಟಿ ಕೂತಿರುತ್ತದೆ. ಗ್ರಾಫ್ ಮಾತ್ರ ನುಣುಪಾಗಿ, ನಂಬಿಕೆ ಹುಟ್ಟಿಸುವಂತೆ ಬರುತ್ತದೆ. ಅನಲಾಗ್ ಡಿವೈಸಸ್‌ನ ಜೆಫ್ರಿ ಕೋರಮ್ 2004ರಲ್ಲಿ ವೆರಿಲಾಗ್-ಎಯಲ್ಲಿ ಮಾಡೆಲ್ ಹೇಗೆ ಬರೆಯಬೇಕು, ಹೇಗೆ ಬರೆಯಬಾರದು ಎಂದು ಒಂದು ಪ್ರಬಂಧ ಬರೆದು ಇಂಥ ಅಭ್ಯಾಸಗಳ ಬಗ್ಗೆ ಎಚ್ಚರಿಸಿದ್ದರು. ಆ ಪ್ರಬಂಧಕ್ಕೆ ಇಪ್ಪತ್ತು ದಾಟಿದೆ, ಅಭ್ಯಾಸಗಳಿಗೆ ಇನ್ನೂ ಮುಪ್ಪು ಬಂದಿಲ್ಲ.

ಇದೆಲ್ಲ ಬರೆಯುವವರ ಶಿಸ್ತಿನ ಮಾತಾಯಿತು. ನನ್ನ ನಿಜವಾದ ಜಗಳ ಇರುವುದು ಮುಂದಿನದರ ಜತೆ.

ಡಾಲರ್-ಟೆಂಪರೇಚರ್ ಕೊಡುವುದು ಇಡೀ ಸರ್ಕಿಟ್‌ಗೆ ಒಂದೇ ತಾಪಮಾನ, ಸುತ್ತಲಿನ ತಾಪಮಾನ. ಒಂದು ಬೋರ್ಡ್‌ನಲ್ಲಿ ಮಾಸ್ಫೆಟ್ 110 ಡಿಗ್ರಿಯಲ್ಲಿ ಸುಡುತ್ತಿರಬಹುದು, ಅದರಿಂದ ನಾಲ್ಕು ಸೆಂಟಿಮೀಟರ್ ಆಚೆಗಿನ ಕರೆಂಟ್ ಅಳೆಯುವ ಆಂಪ್ಲಿಫೈಯರ್ 70ರಲ್ಲಿರಬಹುದು, ತಂತಿಯ ತುದಿಯಲ್ಲಿರುವ ಮೋಟಾರ್‌ನ ತಾಮ್ರದ ಸುತ್ತು 100ರಲ್ಲಿರಬಹುದು. ಸಿಮ್ಯುಲೇಟರ್ ಮೂವರನ್ನೂ ಒಂದೇ ಚಾಪೆಯ ಮೇಲೆ ಮಲಗಿಸುತ್ತದೆ. ತಾಮ್ರದ ರೋಧ ಡಿಗ್ರಿಗೆ ಸುಮಾರು ಶೇಕಡಾ 0.39ರಂತೆ ಏರುತ್ತದೆ, 25ರಿಂದ 100ಕ್ಕೆ ಹೋದರೆ ಸುಮಾರು ಶೇಕಡಾ 30. ಆದರೆ ಮೋಟಾರ್‌ನ ಸುತ್ತನ್ನು ನಾವು ಬರೆಯುವುದು ಒಂದು ಬರಿಯ ರೆಸಿಸ್ಟರ್ ಆಗಿ. ತಾಪಮಾನದ ಗುಣಾಂಕ ಕೊಡದಿದ್ದರೆ ಸ್ಪೈಸ್ ಅದನ್ನು ಸೊನ್ನೆ ಎಂದೇ ತಿಳಿಯುತ್ತದೆ.

ಈಗ ಒಂದು ಮಾಸ್ಫೆಟ್‌ನ ಲೆಕ್ಕ. 25 ಡಿಗ್ರಿಯಲ್ಲಿ 50 ಮಿಲಿಓಮ್ ರೋಧ, ಹರಿಯುವ ಕರೆಂಟ್ 8 ಆಂಪಿಯರ್, ಬಿಸಿ ಹೊರಹೋಗುವ ದಾರಿಯ ರೋಧ ವ್ಯಾಟ್‌ಗೆ 15 ಡಿಗ್ರಿ. ರೋಧ ಡಿಗ್ರಿಗೆ ಶೇಕಡಾ 0.6ರಂತೆ ಏರುತ್ತದೆ ಎಂದಿಟ್ಟುಕೊಳ್ಳಿ, ಸಾಮಾನ್ಯ ಪವರ್ ಮಾಸ್ಫೆಟ್‌ಗೆ ಇದು ಅಂದಾಜಿಗೆ ಸಾಕು. ಏನೂ ಹೇಳದೆ 27ರಲ್ಲಿ ಓಡಿಸಿದರೆ ಸಿಮ್ಯುಲೇಟರ್ ತೋರಿಸುವ ನಷ್ಟ 3.2 ವ್ಯಾಟ್. ಅದನ್ನು 15ರಿಂದ ಗುಣಿಸಿ 27ಕ್ಕೆ ಕೂಡಿಸಿದರೆ ಜಂಕ್ಷನ್ 76 ಡಿಗ್ರಿ, ನೆಮ್ಮದಿಯ ಉತ್ತರ. ಸ್ವಲ್ಪ ಜಾಗರೂಕ ಇಂಜಿನಿಯರ್ ಪ್ಯಾನೆಲ್‌ನ ಬಿಸಿ ನೆನೆದು ಇಡೀ ಸಿಮ್ಯುಲೇಶನ್ ಅನ್ನು 60ಕ್ಕೆ ಇಡುತ್ತಾನೆ. ಆಗ 3.9 ವ್ಯಾಟ್, ಜಂಕ್ಷನ್ 118. ಇನ್ನೂ ಪರವಾಗಿಲ್ಲ, 150ರ ಮಿತಿಗೆ ಮೂವತ್ತು ಡಿಗ್ರಿಗೂ ಹೆಚ್ಚು ಬಾಕಿ ಇದೆ ಎಂದು ಸಹಿ ಹಾಕುತ್ತಾನೆ. ಆದರೆ ಮಾಸ್ಫೆಟ್ ತನ್ನ ಬಿಸಿಯಿಂದ ತಾನೇ ರೋಧ ಏರಿಸಿಕೊಳ್ಳುತ್ತದೆ, ಏರಿದ ರೋಧದಿಂದ ಇನ್ನಷ್ಟು ಬಿಸಿಯಾಗುತ್ತದೆ. ಈ ಸುತ್ತನ್ನು ಕೂಡಿಸಿ ಬಿಡಿಸಿದರೆ ಅದೇ 60 ಡಿಗ್ರಿಯ ಪ್ಯಾನೆಲ್‌ನಲ್ಲಿ ನಷ್ಟ 5.4 ವ್ಯಾಟ್, ಜಂಕ್ಷನ್ 142. ಮೂವತ್ತು ಡಿಗ್ರಿಯ ಅಂತರ ಎಂದುಕೊಂಡಿದ್ದು ಎಂಟಕ್ಕೆ ಇಳಿಯಿತು. ಫ್ಯಾನ್ ನಿಂತ ದಿನ ಆ ಎಂಟೂ ಇರುವುದಿಲ್ಲ.

ಈ ಮೂರು ಉತ್ತರಗಳಲ್ಲಿ ಎರಡನೆಯದೇ ಹೆಚ್ಚು ಮೋಸದ್ದು. ಮೊದಲನೆಯವನಿಗೆ ತಾನು ತಾಪಮಾನ ನೋಡಿಲ್ಲ ಎಂದಾದರೂ ಗೊತ್ತಿರುತ್ತದೆ. ಎರಡನೆಯವನು ನೋಡಿದ್ದೇನೆ ಎಂದು ನಂಬಿರುತ್ತಾನೆ. "ನಾವು 85ರಲ್ಲೂ ಓಡಿಸಿ ನೋಡುತ್ತೇವೆ, ಇನ್ನೇನು ಬೇಕು" ಎಂದು ಹೇಳುವವರಿಗೆ ನನ್ನ ಉತ್ತರ ಇದೇ. ಎಲ್ಲವನ್ನೂ ಒಂದೇ ಸಲ ಏರಿಸುವುದು ಹವೆಯ ಬದಲಾವಣೆಯನ್ನು ಪರೀಕ್ಷಿಸುತ್ತದೆ. ಭಾಗ ಭಾಗಗಳ ನಡುವಿನ ವ್ಯತ್ಯಾಸವನ್ನಾಗಲಿ, ತನ್ನಿಂದ ತಾನೇ ಬಿಸಿಯಾಗುವುದನ್ನಾಗಲಿ ಪರೀಕ್ಷಿಸುವುದಿಲ್ಲ. ಹಾಗೆಂದು 85ರಲ್ಲಿ ಓಡಿಸಬೇಡಿ ಎಂದಲ್ಲ, ಅದು ಬೇಕು, ಅದಷ್ಟೇ ಸಾಲದು.

ಭಾಷೆಯಲ್ಲಿ ಇದಕ್ಕೆ ದಾರಿ ಇದೆ. ವೆರಿಲಾಗ್-ಎ 1996ರಲ್ಲಿ ಬಂದಿತು, ವಿಎಚ್‌ಡಿಎಲ್-ಎಎಂಎಸ್ 1999ರಲ್ಲಿ ಐಇಇಇ ಮಾನಕವಾಯಿತು. ಎರಡೂ ವಿದ್ಯುತ್ತಿಗೆ ಮಾತ್ರ ಸೀಮಿತವಲ್ಲ. ವಿದ್ಯುತ್ತಿನಲ್ಲಿ ವೋಲ್ಟೇಜು ಮತ್ತು ಕರೆಂಟು ಇರುವ ಹಾಗೆ ಶಾಖದಲ್ಲಿ ತಾಪಮಾನ ಮತ್ತು ಶಾಖದ ಹರಿವು. ವೆರಿಲಾಗ್-ಎಯಲ್ಲಿ ಥರ್ಮಲ್ ಎಂಬ ಶಿಸ್ತು ಸಿದ್ಧವಾಗಿಯೇ ಇದೆ, ಕೆಲ್ವಿನ್ ಮತ್ತು ವ್ಯಾಟ್‌ಗಳಲ್ಲಿ. ಮಾಸ್ಫೆಟ್‌ನ ಮೂರು ಕಾಲುಗಳ ಜತೆ ನಾಲ್ಕನೆಯದಾಗಿ ಒಂದು ಶಾಖದ ಕಾಲು ಕೊಡಿ. ಒಳಗೆ ಹುಟ್ಟಿದ ನಷ್ಟವನ್ನು ಅದರ ಮೂಲಕ ಹೊರಗೆ ಹರಿಸಿ. ಹೊರಗೆ ಹೀಟ್ ಸಿಂಕ್ ಒಂದು ರೆಸಿಸ್ಟರ್, ಅದರ ಲೋಹದ ಶಾಖಧಾರಣೆ ಒಂದು ಕೆಪಾಸಿಟರ್, ಪ್ಯಾನೆಲ್‌ನ ಗಾಳಿ ಒಂದು ಮೂಲ. ಎರಡು ಮಾಸ್ಫೆಟ್‌ಗಳನ್ನು ಒಂದೇ ಹೀಟ್ ಸಿಂಕ್‌ಗೆ ಬಿಗಿದಿದ್ದರೆ ಸಿಮ್ಯುಲೇಶನ್‌ನಲ್ಲೂ ಎರಡರ ಕಾಲುಗಳನ್ನು ಒಂದೇ ನೋಡ್‌ಗೆ ಕಟ್ಟಿ. ಸ್ಕ್ರೂಡ್ರೈವರ್ ಹಿಡಿದು ಮಾಡಿದ್ದನ್ನೇ ನೆಟ್‌ಲಿಸ್ಟ್‌ನಲ್ಲಿ ಬರೆದಂತಾಯಿತು. ಚಿಪ್‌ಗಳ ಲೋಕದಲ್ಲಿ ಇದು ಹಳೆಯ ಸಂಗತಿ. ವಿಬಿಐಸಿ, ಹೈಕಮ್, ಮೆಕ್ಸ್‌ಟ್ರಾಮ್‌ನಂಥ ಬೈಪೋಲಾರ್ ಮಾಡೆಲ್‌ಗಳಲ್ಲಿ ಶಾಖದ ನೋಡ್ ಬಹುಕಾಲದಿಂದ ಇದೆ. ಗ್ಯಾಲಿಯಮ್ ನೈಟ್ರೈಡ್ ಟ್ರಾನ್ಸಿಸ್ಟರ್‌ಗೆ 2018ರಲ್ಲಿ ಉದ್ಯಮದ ಮಾನಕವಾದ ಎಎಸ್‌ಎಂ-ಹೆಮ್ಟ್ ಮಾಡೆಲ್‌ನಲ್ಲೂ ಇದೆ. ಅದರ ಹಿಂದೆ ಐಐಟಿ ಕಾನ್ಪುರದ ಯೋಗೇಶ್ ಸಿಂಗ್ ಚೌಹಾಣ್ ಅವರ ತಂಡದ ಕೆಲಸ ದೊಡ್ಡದು. ಅಂದರೆ ನಮ್ಮ ದೇಶದವರಿಗೆ ಇದು ಬಾರದ ವಿದ್ಯೆಯಲ್ಲ.

ವಿಎಚ್‌ಡಿಎಲ್-ಎಎಂಎಸ್ ಬಗ್ಗೆ ಒಂದು ಮಾತು ಪಕ್ಕಕ್ಕೆ ಹೇಳುತ್ತೇನೆ. ಅಲ್ಲಿ ತಾಪಮಾನವನ್ನು ಸಾಮಾನ್ಯವಾಗಿ ಜೆನೆರಿಕ್ ಆಗಿಯೋ ಟರ್ಮಿನಲ್ ಆಗಿಯೋ ಪ್ರತಿ ಭಾಗಕ್ಕೂ ಬರೆದು ಕೊಡಬೇಕು. ಇದು ಕಿರಿಕಿರಿ ಎಂದು ದೂರುವವರನ್ನು ಕೇಳಿದ್ದೇನೆ. ನನಗೆ ಆ ಕಿರಿಕಿರಿ ಇಷ್ಟ. ಯಾವ ಭಾಗದ ತಾಪಮಾನ ಎಂದು ಪ್ರತಿ ಸಲ ಕೇಳುವ ಭಾಷೆ, ಕೇಳದೆ 27 ಹಾಕಿಕೊಳ್ಳುವ ಅನುಕೂಲಕ್ಕಿಂತ ಒಳ್ಳೆಯದು.

ಶಾಖದ ಕಾಲಿನಲ್ಲೂ ಎಡವಲು ಜಾಗವಿದೆ. ಕೆಲವು ಮಾಡೆಲ್‌ಗಳಲ್ಲಿ ಆ ನೋಡ್‌ನ ಬೆಲೆ ನಿಜವಾದ ತಾಪಮಾನ, ಕೆಲವದರಲ್ಲಿ ಸುತ್ತಲಿಗಿಂತ ಎಷ್ಟು ಏರಿದೆ ಎಂಬ ಏರಿಕೆ ಮಾತ್ರ. ಕೆಲವು ತಯಾರಕರ ಸ್ಪೈಸ್ ಮಾಡೆಲ್‌ಗಳಲ್ಲಿ ವೋಲ್ಟ್ ಎಂದರೆ ಡಿಗ್ರಿ ಸೆಲ್ಸಿಯಸ್. ಒಂದಕ್ಕೊಂದು ಕಟ್ಟಿದರೆ ಸಿಮ್ಯುಲೇಟರ್ ಏನೂ ಹೇಳುವುದಿಲ್ಲ. ಅದರ ದೃಷ್ಟಿಯಲ್ಲಿ ಎಲ್ಲವೂ ಸಂಖ್ಯೆಗಳೇ.

ಹಾಗಾದರೆ ಎಲ್ಲ ರೆಸಿಸ್ಟರ್‌ಗೂ ಶಾಖದ ಕಾಲು ಹಚ್ಚಬೇಕೆ? ಬೇಡ, ಮತ್ತು ಹಾಗೆ ಹೇಳುವವರ ಜತೆಯೂ ನನಗೆ ಸಹಮತವಿಲ್ಲ. ಡ್ರೈವ್‌ನಲ್ಲಿ ಸ್ವಿಚ್ಚಿಂಗ್ ಸೆಕೆಂಡಿಗೆ ಲಕ್ಷ ಸಲ ನಡೆಯುತ್ತಿದ್ದರೆ, ಹೀಟ್ ಸಿಂಕ್ ಬಿಸಿಯಾಗಿ ನೆಲೆ ಕಾಣಲು ಹತ್ತು ನಿಮಿಷ ಬೇಕು. ಹತ್ತು ನಿಮಿಷವೆಂದರೆ ಆರು ಕೋಟಿ ಆವರ್ತನ. ಕುಂಬಾರನಿಗೆ ವರುಷ ದೊಣ್ಣೆಗೆ ನಿಮಿಷ ಎಂಬ ಗಾದೆಯ ಹಾಗೆ, ಕರೆಂಟಿನ ಕಾಲ ಬೇರೆ, ಶಾಖದ ಕಾಲ ಬೇರೆ. ಎರಡನ್ನೂ ಒಟ್ಟಿಗೆ ಓಡಿಸಲು ಹೋದವರ ಕಂಪ್ಯೂಟರ್ ವಾರಾಂತ್ಯವಿಡೀ ಬುಸುಗುಟ್ಟುತ್ತಿರುತ್ತದೆ. ಅದಕ್ಕೆ ಬಳಕೆಯಲ್ಲಿರುವ ಉಪಾಯ, ಕೆಲವು ಆವರ್ತನ ಮಾತ್ರ ಓಡಿಸಿ ಸರಾಸರಿ ನಷ್ಟ ತೆಗೆಯುವುದು, ಅದರಿಂದ ತಾಪಮಾನ ಲೆಕ್ಕ ಹಾಕಿ ಮಾಡೆಲ್‌ಗೆ ಏರಿಕೆಯಾಗಿ ವಾಪಸ್ ಕೊಡುವುದು, ಬೆಲೆ ನಿಲ್ಲುವವರೆಗೆ ಮೂರು ನಾಲ್ಕು ಸಲ ಹೀಗೆ ಮಾಡುವುದು. ಇದಕ್ಕೆ ಬೇಕಾಗಿರುವುದು ಮಾಡೆಲ್‌ನಲ್ಲಿ ಒಂದೇ ಒಂದು ಪ್ಯಾರಾಮೀಟರ್: ಸುತ್ತಲಿನ ತಾಪಮಾನಕ್ಕೆ ಈ ಭಾಗ ಎಷ್ಟು ಡಿಗ್ರಿ ಮೇಲಿದೆ ಎಂಬುದು. ಎನ್‌ಜಿಸ್ಪೈಸ್‌ನ ಒಳಗಿನ ಭಾಗಗಳಿಗೆ ಡಿಟೆಂಪ್ ಎಂಬ ಹೆಸರಿನಲ್ಲಿ ಇದು ಇದೆ. ವೆರಿಲಾಗ್-ಎಯಲ್ಲಿ ನಾವೇ ಬರೆಯುವಾಗ ಆ ಸಾಲನ್ನು ನಾವೇ ಸೇರಿಸಬೇಕು. ಹೆಚ್ಚೆಂದರೆ ಎರಡು ಸಾಲು. ನನ್ನ ಅಂದಾಜಿನಲ್ಲಿ ಇಡೀ ಬೋರ್ಡ್‌ನಲ್ಲಿ ಶಾಖದ ಕಾಲು ಬೇಕಾಗುವುದು ನಾಲ್ಕೈದು ಭಾಗಕ್ಕೆ, ಏರಿಕೆಯ ಪ್ಯಾರಾಮೀಟರ್ ಮಾತ್ರ ಎಲ್ಲದಕ್ಕೂ ಬೇಕು.

ಒಂದು ಕುತೂಹಲದ ಸಂಗತಿ. ಮೇಲಿನ ಮಾಸ್ಫೆಟ್ ಲೆಕ್ಕದಲ್ಲಿ ಕರೆಂಟ್ ಏರಿಸುತ್ತಾ 15 ಆಂಪಿಯರ್ ಹತ್ತಿರ ಹೋದರೆ ಸಮೀಕರಣಕ್ಕೆ ಉತ್ತರವೇ ಇರುವುದಿಲ್ಲ. ಪ್ರತಿ ಸುತ್ತಿನಲ್ಲೂ ಹುಟ್ಟುವ ಹೆಚ್ಚುವರಿ ಬಿಸಿ ಹಿಂದಿನದಕ್ಕಿಂತ ಕಡಿಮೆಯಾಗುವುದೇ ಇಲ್ಲ. ಸಿಮ್ಯುಲೇಟರ್ ಆಗ "ಕನ್ವರ್ಜ್ ಆಗುತ್ತಿಲ್ಲ" ಎಂದು ಹೇಳಿ ನಿಲ್ಲುತ್ತದೆ. ನಾವು ಅದನ್ನು ಸಾಫ್ಟ್‌ವೇರ್‌ನ ಕಾಟವೆಂದು ಬೈದು, ಸಹನೆಯ ಮಿತಿಗಳನ್ನು ಸಡಿಲಿಸಿ, ಹೇಗಾದರೂ ಓಡುವಂತೆ ಮಾಡುತ್ತೇವೆ. ಬೋರ್ಡ್ ಸುಡುತ್ತದೆ ಎಂದು ಹೇಳಲು ಅದಕ್ಕೆ ಇದ್ದದ್ದು ಅದೊಂದೇ ಮಾತು.

ಇನ್ನೊಂದು ಆಕ್ಷೇಪಣೆ ಕೆಲಸಗಾರರಿಂದ ಬರುತ್ತದೆ, ಅದಕ್ಕೆ ತೂಕವಿದೆ. ಸಿಮ್ಯುಲೇಶನ್ ಎಲ್ಲ ಬೇಡ, ಬೋರ್ಡ್ ಮಾಡಿ ಓವನ್‌ನಲ್ಲಿಟ್ಟು ಓಡಿಸಿದರೆ ಆಯಿತಲ್ಲ ಎನ್ನುತ್ತಾರೆ. ಓವನ್ ಇರುವವರು ಖಂಡಿತ ಇಡಿ. ಆದರೆ ಉಧ್ನಾದಂಥ ಕಡೆ ಬೋರ್ಡ್ ಜೋಡಿಸುವ ಸಣ್ಣ ಘಟಕಗಳಲ್ಲಿ ಎಷ್ಟು ಮಂದಿಯ ಬಳಿ ಅದಿದೆ? ಇದ್ದರೂ ಓವನ್ ಒಂದು ಬೋರ್ಡ್‌ನ ಕತೆ ಹೇಳುತ್ತದೆ. ಮುಂದಿನ ತಿಂಗಳು ಅದೇ ನಂಬರಿನ ಮಾಸ್ಫೆಟ್ ಬೇರೆ ತಯಾರಕರದ್ದು ಬಂದಾಗ, ಅಥವಾ ಹೀಟ್ ಸಿಂಕ್‌ನ ಗಾತ್ರ ಎರಡು ರೂಪಾಯಿ ಉಳಿಸಲು ಕುಗ್ಗಿದಾಗ, ಮತ್ತೆ ಓವನ್‌ಗೆ ಹಾಕುವವರು ಕಡಿಮೆ. ಒಂದು ಸಂಖ್ಯೆ ಬದಲಿಸಿ ಮತ್ತೆ ಓಡಿಸಿ ನೋಡುವ ಅನುಕೂಲಕ್ಕಾಗಿಯೇ ಅಲ್ಲವೇ ಮಾಡೆಲ್ ಇರುವುದು? ಎಲೆಕ್ಟ್ರೋಲೈಟಿಕ್ ಕೆಪಾಸಿಟರ್ ವಿಷಯದಲ್ಲಂತೂ ಓವನ್‌ನ ಎರಡು ಗಂಟೆ ಏನೂ ಹೇಳುವುದಿಲ್ಲ. ಹತ್ತು ಡಿಗ್ರಿ ಏರಿದರೆ ಆಯಸ್ಸು ಅರ್ಧ ಎಂಬ ಹಳೆಯ ಸೂತ್ರಕ್ಕೆ ಬೇಕಾಗಿರುವುದು ಅದರ ಒಡಲಿನ ತಾಪಮಾನ, ಅದನ್ನು ನಿರ್ಧರಿಸುವುದು ಪಕ್ಕದಲ್ಲಿ ಸುಡುತ್ತಿರುವ ಮಾಸ್ಫೆಟ್.

ಮಾಡೆಲ್ ಕೊಡುವ ತಯಾರಕರ ಬಗ್ಗೆಯೂ ನನಗೆ ತಕರಾರಿದೆ. ಡೇಟಾಶೀಟ್‌ನಲ್ಲಿ ರೋಧ ಎಷ್ಟು ಎಂದು ದಪ್ಪಕ್ಷರದಲ್ಲಿ ಬರೆಯುವುದು 25 ಡಿಗ್ರಿಯ ಬೆಲೆಯನ್ನು. ಬಿಸಿಯಾದಾಗಿನ ಗ್ರಾಫ್ ಒಳಪುಟದಲ್ಲಿ ಚಿಕ್ಕದಾಗಿ ಇರುತ್ತದೆ. ಸ್ಪೈಸ್ ಮಾಡೆಲ್ ಕಡತ ತೆರೆದರೆ, ಗೂಢಲಿಪಿಯಲ್ಲಿ ಮುಚ್ಚಿಲ್ಲದಿದ್ದರೆ, ಅದು ಯಾವ ತಾಪಮಾನದಿಂದ ಯಾವ ತಾಪಮಾನದವರೆಗೆ ಅಳೆದು ಹೊಂದಿಸಿದ್ದು ಎಂಬ ಒಂದು ಸಾಲು ಸಿಗುವುದು ಕಷ್ಟ. ಆ ಒಂದು ಸಾಲು ಇಲ್ಲದ ಮಾಡೆಲ್ ಅನ್ನು ಮಾಡೆಲ್ ಎಂದು ಒಪ್ಪಿಕೊಳ್ಳಬಾರದು. ವೆರಿಲಾಗ್-ಎಯಲ್ಲಿ ಬರೆಯುವವರು ಒಂದು ಹೆಜ್ಜೆ ಮುಂದೆ ಹೋಗಿ, ಆ ವ್ಯಾಪ್ತಿ ಮೀರಿದರೆ ಎಚ್ಚರಿಕೆಯ ಸಂದೇಶ ಮುದ್ರಿಸುವಂತೆ ಮಾಡಬಹುದು. ಸಿಮ್ಯುಲೇಶನ್ ನಿಲ್ಲಿಸಬೇಕಿಲ್ಲ, ಹೇಳಿದರೆ ಸಾಕು.

ಗುಜರಾತಿನಲ್ಲಿ ಈಗ ಚಿಪ್‌ನ ಮಾತೇ ಮಾತು. ಧೋಲೇರಾದಲ್ಲಿ ಟಾಟಾ ಮತ್ತು ತೈವಾನ್‌ನ ಪವರ್‌ಚಿಪ್ ಸೇರಿ ಕಟ್ಟುವ ಫ್ಯಾಬ್‌ಗೆ 2024ರ ಮಾರ್ಚ್‌ನಲ್ಲಿ ಶಿಲಾನ್ಯಾಸವಾಯಿತು, ಸಾನಂದ್‌ನಲ್ಲಿ ಮೈಕ್ರಾನ್ ಮುಂತಾದವರ ಜೋಡಣಾ ಘಟಕಗಳು. ಬೆಂಗಳೂರಿಗೆ 1985ರಲ್ಲೇ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬಂದು ಡಿಸೈನ್ ಕೇಂದ್ರ ತೆರೆದಿತ್ತು. ಈ ನಡುವಿನ ನಾಲ್ಕು ದಶಕಗಳಲ್ಲಿ ನಮ್ಮ ಹುಡುಗರು ಜಗತ್ತಿನ ಚಿಪ್‌ಗಳನ್ನು ಮೈನಸ್ 40ರಿಂದ 125ರವರೆಗೆ ಪರೀಕ್ಷಿಸುವುದನ್ನು ಚೆನ್ನಾಗಿ ಕಲಿತಿದ್ದಾರೆ. ಆ ಶಿಸ್ತು ಕಾರ್ಪೊರೇಟ್ ಕ್ಯಾಂಪಸ್‌ನ ಗೇಟು ದಾಟಿ ಹೊರಗೆ ಬರಲಿಲ್ಲ. ಮಗ್ಗದ ಡ್ರೈವ್, ಪಂಪ್‌ಸೆಟ್‌ನ ಕಂಟ್ರೋಲರ್, ಬೀದಿದೀಪದ ಎಲ್‌ಇಡಿ ಡ್ರೈವರ್ ಮಾಡುವವರ ಹತ್ತಿರ ಬರಲಿಲ್ಲ. ಉಧ್ನಾಕ್ಕೂ ಬಂದಿಲ್ಲ, ಬೇಸಿಗೆಯಲ್ಲಿ ಇಷ್ಟೇ ಕಾಯುವ ಕಲಬುರಗಿ, ರಾಯಚೂರಿಗೂ ಬಂದಿಲ್ಲ.

ದುಡ್ಡಿನ ನೆಪ ಇನ್ನು ನಡೆಯುವುದಿಲ್ಲ. ಐಐಟಿ ಬಾಂಬೆಯ ಫಾಸೀ ಯೋಜನೆಯವರ ಇಸಿಮ್ ಉಚಿತ, ಅದರೊಳಗಿರುವ ಎನ್‌ಜಿಸ್ಪೈಸ್ ಉಚಿತ. ಓಪನ್‌ವಿಎಎಫ್ ಎಂಬ ಕಂಪೈಲರ್ ಮೂಲಕ ಈಗ ಎನ್‌ಜಿಸ್ಪೈಸ್‌ನಲ್ಲೂ ವೆರಿಲಾಗ್-ಎ ಮಾಡೆಲ್ ಓಡುತ್ತದೆ, ಅದಕ್ಕೂ ದುಡ್ಡು ಕೊಡಬೇಕಿಲ್ಲ. ಸೂರತ್‌ನ ಎಸ್‌ವಿಎನ್‌ಐಟಿ ಇರಲಿ, ನಮ್ಮ ಬಾಗಲಕೋಟೆ, ಹುಬ್ಬಳ್ಳಿಯ ಕಾಲೇಜುಗಳಿರಲಿ, ಕೊನೆಯ ವರ್ಷದ ಪ್ರಾಜೆಕ್ಟ್ ವರದಿಯಲ್ಲಿ ಸಿಮ್ಯುಲೇಶನ್ ಗ್ರಾಫ್ ಅಂಟಿಸಿದವರನ್ನು ಪರೀಕ್ಷಕರು ಒಂದೇ ಪ್ರಶ್ನೆ ಕೇಳಲಿ: ಇದು ಎಷ್ಟು ಡಿಗ್ರಿಯಲ್ಲಿ? ಎರಡು ವರ್ಷ ಕೇಳಿದರೆ ಸಾಕು, ಮೂರನೆಯ ವರ್ಷ ಗ್ರಾಫ್‌ನ ಕೆಳಗೆ ಅದು ತಾನಾಗಿಯೇ ಬರೆದುಕೊಂಡು ಬರುತ್ತದೆ.

ಕೊಳ್ಳುವವರ ಕೈಯಲ್ಲೂ ಒಂದು ಹಿಡಿತವಿದೆ. ಉಧ್ನಾದ ಮಾಲೀಕರು ಬೋರ್ಡ್ ಕೊಳ್ಳುವಾಗ ದರ ಚೌಕಾಶಿ ಮಾಡುವುದರಲ್ಲಿ ನಿಸ್ಸೀಮರು. ಗ್ಯಾರಂಟಿ ಎಷ್ಟು ತಿಂಗಳು ಎಂದು ಕೇಳುತ್ತಾರೆ. ಅದರ ಜತೆಗೆ, ಪ್ಯಾನೆಲ್ ಒಳಗೆ 60 ಡಿಗ್ರಿ ಇದ್ದಾಗ ನಿಮ್ಮ ಮಾಸ್ಫೆಟ್‌ನ ಜಂಕ್ಷನ್ ಎಷ್ಟಿರುತ್ತದೆ ಎಂದೂ ಕೇಳಬಹುದು. ಆ 60 ಅನ್ನು ಊಹಿಸಲೂ ಬೇಕಿಲ್ಲ. ಕೆಲವು ನೂರು ರೂಪಾಯಿಗೆ ಥರ್ಮೋಕಪಲ್ ಇರುವ ಮಲ್ಟಿಮೀಟರ್ ಸಿಗುತ್ತದೆ. ಮೇ ತಿಂಗಳ ಒಂದು ಮಧ್ಯಾಹ್ನ ಮೂರು ಗಂಟೆಗೆ, ಎಲ್ಲ ಮಗ್ಗ ಓಡುತ್ತಿರುವಾಗ, ಅದರ ತುದಿಯನ್ನು ಪ್ಯಾನೆಲ್‌ನೊಳಗೆ ಬಿಟ್ಟು ಬಾಗಿಲು ಮುಚ್ಚಿ ಅರ್ಧ ಗಂಟೆ ಕಾಯಬೇಕು. ಬಂದ ಅಂಕಿಯನ್ನು ಬೋರ್ಡ್ ಮಾಡುವವರಿಗೆ ವಾಟ್ಸಾಪ್‌ನಲ್ಲಿ ಕಳಿಸಿದರೆ, ನೆಟ್‌ಲಿಸ್ಟ್‌ನ ತಾಪಮಾನದ ಸಾಲಿನಲ್ಲಿ 27ರ ಜಾಗಕ್ಕೆ ಅದು ಹೋಗಿ ಕೂರುತ್ತದೆ.